ಅಳತಿ ಪುಸ್ತಕ

ಫೋನು ಬಂತಂದ್ರ ನಾ ಮೊದಲು ಕೇಳೋದು ಇಷ್ಟ:
ಮೊಣಕಾಲು ಹೆಂಗದಾವ? ನಸಕಿನ್ಯಾಗ ಏಳ್ತೀರೇನು?
ಮಾತಾಡದ ಎಷ್ಟೊತ್ತು ಕುಂದರತೀರಿ?
ಮೂವತ್ತೊಂದು ವರ್ಷ ಮಾಗಡಿಯೊಳಗ ಅಂಗಿ ಹೊಲಿದಾವ,
ರಾಜೇಸಾಬ ದರ್ಜಿ,
ಅಳತಿ ತೊಗೊಳ್ಳದ ಕತ್ತರಿ ಎತ್ತಿದಾವಲ್ಲ.

ದೀಪಾವಳಿ ಹಣತಿ ತೊಳದಿಡೂದರಾಗ
ಕೆರಿಗೆ ಹೆಬ್ಬಾತು ಇಳೀತಾವ, ಹಿಮದ ಗುಡ್ಡ ದಾಟಿ.
ಬಿಳಿ ತಲಿಮ್ಯಾಲ ಎರಡು ಕರಿ ಪಟ್ಟಿ,
ಯಾವನೋ ದರ್ಜಿ ಸುಣ್ಣದ ಬಳಪ ಸಿಗದ
ಇದ್ದಲಿ ಹಿಡದು ಗುರ್ತು ಮಾಡಿದಂಗ.
ನಮಗ ಅವು ಕಡ್ಲಿ ತಿನ್ನೂ ಕಳ್ಳರಾಗಿದ್ದುವು.
ನಿಂಗನಗೌಡನ ಹೊಲದಾಗ ಎಣ್ಣಿಡಬ್ಬಿ ಬಡದು
ಓಡಿಸಿದವರೊಳಗ ನಾನೂ ಒಬ್ಬ, ಸುಳ್ಳ್ಯಾಕ ಹೇಳ್ಲಿ.

ಆಮ್ಯಾಲ ಒಂದು ಚಳಿಗಾಲ ದೊಡ್ಡ ಬಸ್ಸು ಬಂತು.
ಐವತ್ತು ಮಂದಿ ಇಳದ್ರು, ಕೂಗ್ಯಾಡಿದ್ರು,
ಊಟ ಅವರದ, ನೀರಿನ ಬಾಟ್ಲಿ ಅವರದ,
ಒಂದು ಕಪ್ಪು ಚಾ ಸೈತ ಇಲ್ಲಿ ಕುಡೀಲಿಲ್ಲ.
ಬಿಟ್ಟುಹೋದದ್ದು ಖಾಲಿ ಪಾಕೀಟು.
ಎಲ್ಲಾರಿಗೂ ಒಂದ ಅಳತಿ ಅಂಗಿ;
ಊರಿನ ಮೈಗೆ ಅದು ಕುಂದರಲೇ ಇಲ್ಲ.

ಈಗ ವಾರಕ್ಕ ನಾಕು ಮಂದಿ, ಭಾಳಂದ್ರ ಆರು.
ಪುಣೇದಿಂದ ಬಂದಾಕಿ ಎಂಬತ್ತರ ಮುದುಕಿ,
ಕಣ್ಣು ಮಂಜು. ಆಕಿಗೆ ನಾ ನೋಡೂದು ಹೊಲೀಲಿಲ್ಲ,
ಕೇಳೂದು ಹೊಲಿದೆ:
ಇನ್ನೂ ಕತ್ತಲಿ, ದಂಡಿಮ್ಯಾಲ ಪಾರವ್ವನ ಮನಿ ಕುರ್ಚಿ,
ಹೆಗಲಿಗೆ ಬೀರಪ್ಪನ ಕಂಬಳಿ, ಬಾಡಿಗಿ ಮೂವತ್ತು,
ರಾತ್ರಿಯೆಲ್ಲಾ ಹೊಲ ಮೇದ ಹಿಂಡು
ಹಾಂಕ್ ಹಾಂಕ್ ಅಂತ ತಿರುಗಿ ಬಂದು
ನೀರು ಸೀಳೂ ಸಪ್ಪಳ.
ಹೊಸ ಅರಿವಿ ಹರದಂಗ ಐತಿ, ಅಂದ್ಲು.
ನಾ ಏನೂ ಹೇಳಿರಲಿಲ್ಲ ಆಕಿಗೆ, ನನ್ನ ಕಸಬಿನ ಸುದ್ದಿ.

ಬಿಸಿಲೇರಿದ ಮ್ಯಾಲ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ.
ರೊಕ್ಕ ಪಾರವ್ವನ ಕೈಗ ನೇರ.
ತಲಿಗೆ ಐವತ್ತು ಮಾತ್ರ ಡಬ್ಬಿಗೆ,
ಹೆಬ್ಬಾತು ತಿಂದ ಕಡ್ಲಿಗೆ, ಗೌಡನ ಪಾಲು.
ಅದ ಡಬ್ಬಿ. ಬಡದ ತಗ್ಗು ಇನ್ನೂ ಹಂಗ ಅದಾವ.

ಬೆಳಗಾವಿಯ ಸಾಹೇಬ್ರು ಬಂದಿದ್ರು ಒಬ್ಬರು,
ಮೊಳದುದ್ದ ಕ್ಯಾಮೆರಾ, ಮಾರುದ್ದ ಅವಸರ.
ನಾ ಚಾ ತರಾಕ ಹ್ವಾದಾಗ ನನ್ನ ಮೊಮ್ಮಗ ದಾದಾಪೀರನ ಕೈಯಾಗ
ಐನೂರರ ನೋಟು ಇಟ್ಟಾರ:
ಒಮ್ಮೆ ಹಾರಿಸಪಾ.
ಹುಡುಗ ಚಪ್ಪಾಳೆ ಹೊಡದ.
ಕೆರಿಗೆ ಕೆರಿನ ಎದ್ದು ಆಕಾಶಕ್ಕ ಹ್ವಾದಂಗಾತು.
ಚಂದ ಇತ್ತು. ಸುಳ್ಳ್ಯಾಕ ಹೇಳ್ಲಿ.

ಮೂರು ದಿನ ಕೆರಿ ಬರೇ ನೀರು.
ಗದಗಿನಿಂದ ಬಂದ ಗಂಡಹೆಂಡ್ತಿ ಹಂಗ ಹೊಳ್ಳಿ ಹ್ವಾದ್ರು,
ನಾದಿದ ಹಿಟ್ಟು ಎಮ್ಮಿ ಬಾನಿಗೆ ಹೋತು,
ಬೀರಪ್ಪ ಕಂಬಳಿ ಮಡಚಿಟ್ಟ.
ಯಾರೂ ಬೈಲಿಲ್ಲ ಹುಡುಗನ್ನ.
ಪಾರವ್ವ ತನ್ನ ಹಿಟ್ಟಿನ ಲೆಕ್ಕದ ಚೀಟಿ
ಅವನ ಮುಂದ ಇಟ್ಟು, ಓದಪಾ,
ನನಗ ಅಕ್ಷರ ಬರಾಂಗಿಲ್ಲ, ಅಂದ್ಲು.
ಓದಿದ. ಸಣ್ಣ ದನಿಯಾಗ, ಕಡೀ ಸಾಲಿನ ತನಕ.
ಆ ರಾತ್ರಿ ಡಬ್ಬಿಯೊಳಗ ಏನೋ ಬಿದ್ದ ಸಪ್ಪಳಿಲ್ಲ,
ನೋಟಿಗೆ ಸಪ್ಪಳ ಎಲ್ಲಿ ಇರತೈತಿ,
ಮುಂಜಾನೆ ನೋಡಿದ್ರ ಇತ್ತು.

ಹೋಳಿಗೆ ಹೆಬ್ಬಾತು ಹ್ವಾದುವು.
ಕೆಸರು ಬಾಯಿ ಬಿಡಾಕ ಹತ್ತೈತಿ,
ಸಾಲಿ ಹುಡುಗರ ನೀಲಿ ಚಡ್ಡಿ ರಾಶಿ ಬಿದ್ದೈತಿ ಮಷಿನ್ನಿನ ಮಗ್ಗಲಕ.
ಪುಸ್ತಕದಾಗ ಒಂದು ಬದಿಗೆ ಎದಿ, ಟೊಂಕ, ತೋಳು,
ಇನ್ನೊಂದು ಬದಿಗೆ ಇವರು:

ಪುಣೇದ ಅಜ್ಜಿ. ಕಿವಿ ಚೊಕ್ಕ. ಕುರ್ಚಿಗೆ ಕೈ ಇರಬೇಕು.
ಬೆಳಗಾವಿ ಸಾಹೇಬ್ರು. ದೂರ ಕೂಡ್ರಸೂದು. ಚಾ ಮೊದಲ ತಂದಿಡೂದು.
ಹುಬ್ಬಳ್ಳಿ ಹುಡುಗಿ, ಒಂಬತ್ತು ವರ್ಷ, ಮಂದಿ ಅಂದ್ರ ಅಂಜಿಕಿ.
ಇಡೀ ದಿನ ಎಣಿಸ್ಯಾಳ, ಎಂಟುನೂರಾ ಹನ್ನೊಂದು.
ದಾದಾಪೀರನ ಕೂಡ ಒಂದು ಮಾತಾಡ್ಯಾಳ.
ಬರೂ ವರ್ಷ ಬರತೀನಂದಾಳ,
ಒಂದು ಇಂಚು ಬಿಟ್ಟು ಹೊಲೀಬೇಕು.