ನಶ್ಯದ ಗುಂಡಿ

ಹೆಬ್ಬೆರಳು ಮೇಲಕ್ಕೆತ್ತು. ಹಾಗಲ್ಲ,
ಲಿಫ್ಟ್ ಕೇಳುವವರ ಹಾಗೆ.
ನೋಡು, ಬುಡದಲ್ಲಿ ಎರಡು ನರ ಎದ್ದು ನಿಂತವು,
ನಡುವೆ ಒಂದು ತಗ್ಗು,
ಹುಣಸೆಬೀಜ ಕೂರುವಷ್ಟು.

ವಾರ್ಡ್‌ಬಾಯ್ ತಿಪ್ಪೇಶಣ್ಣ ಅಲ್ಲಿ ನಶ್ಯ ಸುರಿದುಕೊಳ್ಳುತ್ತಾನೆ.
ನಮ್ಮ ದಪ್ಪ ಪುಸ್ತಕದಲ್ಲೂ ಅದರ ಹೆಸರು ನಶ್ಯದ ಡಬ್ಬಿಯೇ.
ನಾನು ಅಲ್ಲಿ ಬೆರಳೂರುತ್ತೇನೆ,
ಊರಿ ಮುಖ ನೋಡುತ್ತೇನೆ.

ಶನಿವಾರ ರಾತ್ರಿ, ಸವಳಂಗ ರಸ್ತೆಯ ಕ್ಯಾಶುವಲ್ಟಿ.
ಕಬಡ್ಡಿಯಲ್ಲಿ ಪಾದ ಹೊರಳಿಸಿಕೊಂಡು ಬಂದವನಿಗೆ
ನಾಲ್ಕು ಹೆಜ್ಜೆ ನಡಿ ಎಂದೆ. ನಡೆದ, ಬೈಯುತ್ತಲೇ.
ಹರಡಿನ ಹಿಂದೆ ಒತ್ತಿದೆ, ಎಲುಬು ಬಾಯಿ ಬಿಡಲಿಲ್ಲ.
ಎಕ್ಸ್‌ರೇ ಬೇಡ, ಐಸ್ ಇಡು, ದಿಂಬಿನ ಮೇಲೆ ಕಾಲಿಡು, ಹೋಗು.

ಬಸ್ಸು ಹತ್ತಿಸಲು ರಟ್ಟೆ ಹಿಡಿದೆಳೆದದ್ದಕ್ಕೆ
ಕೈ ಜೋತುಬಿಟ್ಟ ಮೂರು ವರ್ಷದ್ದು ಇನ್ನೊಂದು.
ಅಂಗೈ ತಿರುವಿ, ಮೊಣಕೈ ಮಡಚಿ, ಟಕ್.
ಕಣ್ಣೀರು ಗಲ್ಲದಲ್ಲಿರುವಾಗಲೇ ನನ್ನ ಪೆನ್ನಿಗೆ ಕೈ ಚಾಚಿತು.
ಎಳೆದ ಅಮ್ಮನ ಅಳು ಮಾತ್ರ
ಸಿಸ್ಟರ್ ಫ್ಲೇವಿಯಾ ಟೀ ತರಿಸಿದರೂ ನಿಲ್ಲಲಿಲ್ಲ.

ಆಮೇಲೆ ರಂಜಿತಾ, ಗಾರ್ಮೆಂಟ್ಸಿನವಳು.
ಹಾಸ್ಟೆಲ್ ಮೆಟ್ಟಿಲಲ್ಲಿ ಜಾರಿ ಅಂಗೈಯೂರಿ ಬಿದ್ದಿದ್ದಾಳೆ.
ಫಿಲಂ ಹಿಡಿದೆ: ತುಂಗೆಯ ತಳದ ಬೆಣಚುಕಲ್ಲಿನ ಹಾಗೆ
ಎಂಟಕ್ಕೆಂಟೂ ಎಲುಬು ಅವವುಗಳ ಜಾಗದಲ್ಲಿ.
ಗುಂಡಿಗೆ ಬೆರಳೂರಿದೆ.
ಹುಬ್ಬು ಗಂಟಾಯಿತು. ಸದ್ದು ಬರಲಿಲ್ಲ.

ಚೌಡಪ್ಪನೂ ಸದ್ದು ಮಾಡಿರಲಿಲ್ಲ.
ಗಾರೆ ಕೆಲಸ. ನನ್ನ ಮೊದಲ ವರ್ಷ.
ಫಿಲಂ ನೋಡಿ ಏನೂ ಇಲ್ಲ ಎಂದೆ, ಕೈ ಮುಟ್ಟಲಿಲ್ಲ.
ಎಷ್ಟು ನಕ್ಕ ಪುಣ್ಯಾತ್ಮ, ಪ್ಲಾಸ್ಟರಿನ ದುಡ್ಡುಳಿಯಿತೆಂದು!
ಏಳು ತಿಂಗಳಿಗೆ ಬಂದ:
ಕರಣೆ ಹಿಡಿದ್ರೆ ಜಾರ್ತದೆ ಮೇಡಮ್ಮಾರೆ.

ದೋಣಿಯಾಕಾರದ ಆ ಪುಟ್ಟ ಎಲುಬಿಗೆ ರಕ್ತ
ಬೆರಳಿನ ಕಡೆಯಿಂದ ಹಿಂದಕ್ಕೆ ಹರಿದು ಬರಬೇಕು.
ಭದ್ರಾ ನಾಲೆಯ ಕೊನೆ ಗದ್ದೆಯವರನ್ನು ಕೇಳಿ,
ನಡುವೆ ಕಾಲುವೆ ಒಡೆದರೆ ಏನಾಗುತ್ತದೆಂದು.
ಅವನು ಬೈಯಲಿಲ್ಲ. ಚೀಟಿಯನ್ನು
ಎಡಗೈಯಲ್ಲಿ ಮಡಚಿ ಜೇಬಿಗಿಡಲು
ತುಂಬಾ ಹೊತ್ತು ತೆಗೆದುಕೊಂಡ.

‘ಏನೂ ಕಾಣಲ್ಲ ಅಂತೀರಿ, ಮತ್ತೆ ಪ್ಲಾಸ್ಟರ್ ಯಾಕೆ?
ಪೀಸ್ ಲೆಕ್ಕ ಮೇಡಂ. ಸೂಪರ್‌ವೈಸರ್ ಒಪ್ಪಲ್ಲ.’
ಕಾಣಲ್ಲ ಅಂದೆ ಕಣೇ. ಇಲ್ಲ ಅನ್ನಲಿಲ್ಲ.

ಹತ್ತು ದಿನ ರಜೆ ಎಂದು ಬರೆದೆ,
ಹೊಡೆದುಹಾಕಿ ಹದಿನಾಲ್ಕು ಎಂದೆ.
ಮತ್ತೆ ಬಾ, ಮತ್ತೆ ಫಿಲಂ ತೆಗೆಯೋಣ,
ಆಗಲೂ ಏನಿಲ್ಲದಿದ್ದರೆ ನನ್ನನ್ನು ಬೈಯಿ.
ತಿಪ್ಪೇಶಣ್ಣ ಸುಣ್ಣದ ಕೈಯಲ್ಲೇ ಸೀನಿದ.

ಕಿಟಕಿಯಿಂದ ನೋಡಿದೆ. ಬೀದಿದೀಪದ ಕೆಳಗೆ
ಇನ್ನೂ ಒಣಗದ ಬಿಳಿ ಹೆಬ್ಬೆರಳು.
ಆಟೋ ನಿಲ್ಲಿಸಲು ಎಡಗೈ ಬೇಕಾಯಿತೆಂದು
ಊಟದ ಬ್ಯಾಗನ್ನು, ಅಯ್ಯೋ,
ಅದೇ ಕೈಗೆ ದಾಟಿಸುತ್ತಿದ್ದಾಳೆ.