ಅನುಮಾನ

ತೀಯೋ ಅಂದರೆ ಮಾವ.
ದೆವ್ವ ಅನ್ನಬಾರದು, ಕೇಳಿಸಿಕೊಳ್ಳುತ್ತಾನೆ,
ಎಂದ ಸೆವೇರೋ ಕೊಲ್ಕೆ, ಗಣಿಯ ಬಾಯಲ್ಲಿ ಬಗ್ಗಿ
ಹೆಲ್ಮೆಟ್ಟಿನ ದೀಪ ಹೊತ್ತಿಸುತ್ತ.
ನಾನು ಲಾ ಪಾಸ್‌ನಿಂದ ಬಂದವಳು, ಗಾಳಿ ಅಳೆಯಲು.
ಕೊರಳಲ್ಲಿ ಹಳದಿ ಮೀಟರು,
ಕೈಯಲ್ಲಿ ಮೂರು ಕಲಮಿನ ಫಾರಮ್ಮು:
ಅಪಾಯ. ಕಾರಣ. ಪರಿಹಾರ.

ಪೊತೊಸಿಯ ಬೆಟ್ಟ ಒಳಗಿಂದ ಹುಳುಕು ಹಲ್ಲು.
ಇನ್ನೂರು ಹೆಜ್ಜೆ ಒಳಗೆ, ಗೋಡೆಯ ಗೂಡಲ್ಲಿ, ಮಾವ:
ಮಣ್ಣಿನ ಮೈ, ಹೋರಿಯ ಕೊಂಬು,
ಕಣ್ಣಿಗೆ ಸುಟ್ಟುಹೋದ ಎರಡು ಬಲ್ಬು,
ತೊಡೆಯ ಮೇಲೆ ಕೋಕಾ ಎಲೆಯ ಗುಡ್ಡೆ.
ಶುಕ್ರವಾರ. ಸೆವೇರೋ ಸಿಗರೇಟು ಹಚ್ಚಿ
ಮಾವನ ಬಾಯಿಗೆ ಸಿಕ್ಕಿಸಿದ.
ಆರು ಜನ ಕೂತರು, ಕೆನ್ನೆಯೊಳಗೆ ಎಲೆ ಒತ್ತಿಕೊಂಡು,
ಕೆಂಡ ಮಣ್ಣಿನ ತುಟಿಯ ತನಕ ಇಳಿಯುವುದನ್ನು ಕಾಯುತ್ತ.

ಅರ್ಧಕ್ಕೇ ಆರಿತು.

ಯಾರೂ ಏನೂ ಅನ್ನಲಿಲ್ಲ. ಎದ್ದರು, ತಿರುಗಿದರು.
ನನ್ನ ಮೀಟರು ಮಾತ್ರ ಹಸಿರು ಮಿನುಗುತ್ತ
ಎಲ್ಲ ಸರಿ, ಎಲ್ಲ ಸರಿ ಅನ್ನುತ್ತಿತ್ತು.
ಓದಿ ಹೇಳಿದೆ. ಹುಡುಗ ರೆಮಿಹಿಯೋ ಕೇಳಿದ:
"ಅದಕ್ಕೆ ತಿನ್ನಲು ಏನು ಕೊಡುತ್ತೀರಿ?"
"ಬ್ಯಾಟರಿ," ಅಂದೆ.
"ನೋಡಿ ಮತ್ತೆ."

ನಾನೂ ಬಿಡುವವಳಲ್ಲ. ಹೊರಗೆ ಬಂಡೆಯ ಮೇಲೆ ಕೂತು ವಾದ ಹೂಡಿದೆ.
ಹೊಗೆಯಿದ್ದಲ್ಲಿ ಬೆಂಕಿ, ಇದು ಅನುಮಾನ.
ಬೆಂಕಿ ಆರಿದಲ್ಲಿ ಕೆಟ್ಟ ಗಾಳಿ, ಇದೂ ಅನುಮಾನವೇ,
ಸ್ವಲ್ಪ ಕುಂಟುತ್ತದೆ, ಆದರೂ ನಡೆಯುತ್ತದೆ.
ನಿಮ್ಮ ಅಜ್ಜಂದಿರು ಕೆಂಡ ನೋಡಿ ಉಸಿರಿನ ಲೆಕ್ಕ ಹಾಕಿದರು,
ಲೆಕ್ಕಕ್ಕೆ ಕೊಂಬು ಇಟ್ಟರು, ಅಷ್ಟೇ.
ಈಗ ಮೀಟರಿದೆ. ಇನ್ನೂ ಮಾವ ಯಾಕೆ?
"ಯಾಕೆ, ನಿಮ್ಮ ಮೀಟರಿಗೇನು ಕೊಂಬಿದೆಯಾ?" ಅಂದ ರೆಮಿಹಿಯೋ.
ಸೆವೇರೋ ನಗಲಿಲ್ಲ.
"ಗಾಳಿಗೋಸ್ಕರ ಅಲ್ಲಮ್ಮ," ಅಂದ,
"ಮಾವ ಒಬ್ಬನೇ ಇರುತ್ತಾನೆ, ಅದಕ್ಕೆ."

ಅಂದು ಬೆಟ್ಟ ಕುಸಿಯಲಿಲ್ಲ. ಮರುದಿನವೂ ಇಲ್ಲ.
ಆರು ಜನರ ದಿನಗೂಲಿ ಹೋಯಿತು.
"ಕಂಡಿರಾ, ಏನೂ ಆಗಲಿಲ್ಲ," ಅಂದೆ ನಾನು.
"ಕಂಡಿರಾ, ಏನೂ ಆಗಲಿಲ್ಲ," ಅಂದ ಅವನು.
ಒಂದೇ ಪುರಾವೆ,
ಎರಡು ತುದಿ ಹಿಡಿದು ಜಗ್ಗಿದೆವು.

ಹಗ್ಗ ನನ್ನ ಕಡೆಗೇ ಬರಬೇಕು, ನನಗೆ ಗೊತ್ತು.
ಮೀಟರು ಸುಳ್ಳಾಡಿದರೆ ಹಿಡಿಯುವ ಬಗೆಯಿದೆ,
ಮೊಹರಿದೆ, ತಾರೀಖಿದೆ.
ಮಾವ ಎಂದೂ ತಪ್ಪಾಯಿತು ಅಂದವನಲ್ಲ.
ಸತ್ತರೆ ಮುನಿದ, ಉಳಿದರೆ ಒಲಿದ.
ಸೋಲೇ ಇಲ್ಲದವನ ಜೊತೆ ಆಡುವುದು ಆಟವೇ?
ಹೀಗೆಂದುಕೊಳ್ಳುತ್ತ ಮೀಟರು ತಿರುಗಿಸಿ ಮೊಹರು ನೋಡಿದೆ.
ಮಾರ್ಚಿಗೇ ಮುಗಿದಿತ್ತು ಅವಧಿ.
ಈಗ ಆಗಸ್ಟು.
ನನ್ನ ಅನುಮಾನದ ಮೇಲೆ ನನಗೇ ಅನುಮಾನ.

ಗಣಿಬಾಯಿ ಕಾಯುವ ಸತುರ್ನೀನಾ
ಸೂಪು ಕಾಯಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು.
ಗಂಡ ಒಳಗೇ ಉಳಿದವನು. ಮಾವನಿಗೆ ಅವಳು
ಒಂದು ಎಲೆಯನ್ನೂ ಇಟ್ಟವಳಲ್ಲ.
"ನೀನು ನಂಬುತ್ತೀಯಾ?"
"ನಂಬುವುದಾ! ತವರದ ಬೆಲೆ ಕಟ್ಟುವವನು ಲಂಡನ್ನಿನಲ್ಲಿದ್ದಾನಂತೆ,
ನೀನು ನೋಡಿದ್ದೀಯಾ?
ಅವನು ಕೆಮ್ಮಿದರೆ ಇಲ್ಲಿ ನನ್ನ ಪಾತ್ರೆ ಖಾಲಿ.
ಕಾಣದವರು ಇಬ್ಬರು ನಮಗೆ. ಒಬ್ಬನಿಗಾದರೂ
ಸಿಗರೇಟು ತಲುಪುತ್ತದೆ ಅಂತಾರೆ ಇವರು.
ನಾನು ಅದನ್ನೂ ಅನ್ನುವುದಿಲ್ಲ.
ಆರಿಹೋಗುತ್ತೆ, ಕುಡಿ."

ರಾತ್ರಿ ಫಾರಮ್ಮು ತುಂಬಲು ಕೂತೆ.
ಕಾರಣದ ಕಲಮಿನಲ್ಲಿ ಮೂಢನಂಬಿಕೆ ಎಂದು ಬರೆದು ಹೊಡೆದೆ.
ಗಾಳಿಯ ಚಲನೆ ಎಂದು ಬರೆದೆ. ಅದನ್ನು ಅಳೆದವಳು ನಾನಲ್ಲ, ಹೊಡೆದೆ.
ನಡೆದದ್ದನ್ನಷ್ಟೇ ಬರೆದೆ: ಸಿಗರೇಟು ಆರಿತು.
ಪರಿಹಾರ: ಮೀಟರು ಬದಲಿಸುವುದು.

ಮಂಗಳವಾರ ಕೆಂಡ ಪೂರ್ತಿ ಇಳಿಯಿತು.
ಅದು ಇಳಿಯುವ ತನಕ ನಾನೂ ಕೂತಿದ್ದೆ,
ಹಸಿರು ದೀಪದ ಮೇಲೆ ಅಂಗೈ ಮುಚ್ಚಿ.