ನಿಂತು ಹಾಡಿದ ಪದ

ಅಜ್ಮತ್ ಭಾಯ್ ಅಂಗಡಿಯಲ್ಲಿ ನನಗೆ ಎರಡು ಕೆಲಸ:
ತಟ್ಟೆಯಿಂದ ಟೇಪಿಗೆ ಹಾಡು ಇಳಿಸುವುದು,
ಕ್ಯಾಸೆಟ್ಟಿನ ಬೆನ್ನಿಗೆ ಹೆಸರು ಬರೆಯುವುದು.
ಮಂಡಿ ಮೊಹಲ್ಲಾ. ಎಪ್ಪತ್ತೆಂಟನೇ ಇಸವಿ.
ಎದುರಿಗೇ ಒಣಮೆಣಸಿನಕಾಯಿ ಮಂಡಿ;
ಹಾಡು ಕೇಳಲು ಬಂದವರೆಲ್ಲ ಸೀನುತ್ತಿದ್ದರು.

ಆರು ವರ್ಷ ಆ ಇಂಗ್ಲಿಷ್ ತಂಡ ನೆಲಕ್ಕೆ ಇಳಿದಿರಲಿಲ್ಲ.
ಒಂದು ಹಾಡು ಅಂದರೆ ತಟ್ಟೆಯ ಒಂದು ಇಡೀ ಮಗ್ಗುಲು,
ಗ್ರಹಗಳು, ಗಾಜಿನ ಕೋಟೆಗಳು,
ಏಳಕ್ಕೆ ಐದು ಸೇರಿಸಿ ಒಂದು ಕಳೆಯುವ ಲೆಕ್ಕ.
ಶಿವಮಾದು ಆ ಲೆಕ್ಕವನ್ನು
ಬಿಸ್ಕತ್ತಿನ ಡಬ್ಬದ ಮೇಲೆ ಬಾರಿಸಿ ತೋರಿಸುವನು;
ಸರಿಯಾಗಿ ಹನ್ನೊಂದಕ್ಕೆ ಬಿದ್ದಾಗ ಹುಬ್ಬು ಹಾರಿಸುವನು.
ಪರೀಕ್ಷೆಯಲ್ಲಿ ಬಾರದ ಗಣಿತ ಬೆರಳಿಗೆ ಬಂದಿತ್ತು.

ಆಮೇಲೆ ಈ ತಟ್ಟೆ ಬಂತು.
ಆಹಾರ ಸಂಶೋಧನಾಲಯಕ್ಕೆ ಬಂದಿದ್ದ ಯಾರೋ ದೊರೆ
ಕೊಡೆಯ ಜೊತೆ ಮರೆತುಹೋದದ್ದು.
ಹೊದಿಕೆಯ ಮೇಲೆ ಗ್ರಹವಿಲ್ಲ. ಬೇಲಿ, ಹುಲ್ಲಿನ ಮೆದೆ,
ಕೆಸರು ಮೆತ್ತಿದ ಬೂಟು ತೊಟ್ಟ ಅದೇ ಐವರು.
ಮುಳ್ಳು ಇಟ್ಟೆ.
ತಗಡಿನ ಪೀಪಿ. ಒಂದು ಪಿಟೀಲು.
ಒಂದು ಎರಡು ಮೂರು, ಒಂದು ಎರಡು ಮೂರು,
ಮಗುವೂ ಎಣಿಸಬಹುದಾದದ್ದು.
"ಕಾಸು ಮುಗಿದಿರಬೇಕು," ಎಂದ ಯಾದವಗಿರಿಯ ಸುದರ್ಶನ,
"ಸಿಂಥಸೈಜರ್ ಅಡವಿಟ್ಟಿದ್ದಾರೆ."
ನಕ್ಕೆವು. ಶಿವಮಾದು ನಗಲಿಲ್ಲ.
ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು,
ಕದ್ದದ್ದನ್ನು ಒಪ್ಪಿಕೊಳ್ಳುವವನ ಹಾಗೆ,
"ನಮ್ಮವ್ವ ಹಾಡೋ ಥರ ಅದೆ" ಎಂದ.

ಭಾನುವಾರ ಪಾಂಡವಪುರದ ಬಸ್ಸು.
ತೊಡೆಯ ಮೇಲೆ ಟೇಪ್ ರೆಕಾರ್ಡರು, ಜೇಬಿನಲ್ಲಿ ಆರು ಸೆಲ್ಲು.
ನಾಲೆಗೆ ನೀರು ಬಿಟ್ಟು ಎರಡು ವಾರ.
ಚಿಕ್ಕತಾಯಮ್ಮ ಗದ್ದೆಯಿಂದ ಬಂದವಳು ಕಾಲೂ ತೊಳೆಯದೆ
ಜಗಲಿಯ ತುದಿಯಲ್ಲಿ ಕೂತು ಕೇಳಿದಳು,
ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸದೆ.
ಎರಡು ಹಾಡು ಮುಗಿಯಿತು.

"ಚೆಂದಾಗದೆ. ಆದ್ರೆ ನಿಂತ್ಕಂಡು ಹಾಡ್ತಾವ್ರೆ ಕಣಪ್ಪ."
ಹಂಗಂದ್ರೆ?
"ಪೈರು ನೆಡೋಳು ಸೊಂಟ ಬಗ್ಗಿಸಿರ್ತಾಳೆ.
ಹೊಟ್ಟೆ ಮಡಿಚಿರ್ತದೆ, ಉಸಿರು ಅರ್ಧವೇ ಬರೋದು.
ಅದ್ಕೇ ನಾನು ಅರ್ಧ ಹೇಳ್ತೀನಿ, ಮಿಕ್ಕಿದ್ದ ಅವರು ಎತ್ಕತಾರೆ.
ಇವ್ರಿಗೆ ಇಡೀ ಸೊಲ್ಲು ಒಂದೇ ದಮ್ಮಿಗೆ ಸಿಕ್ತದಲ್ಲ,
ಗದ್ದೆ ಯಾರು ಮಾಡ್ತಾವ್ರೆ?"

ನನ್ನಲ್ಲಿ ಉತ್ತರವಿರಲಿಲ್ಲ.
ಹೊದಿಕೆಯ ಚಿತ್ರ ನೆನಪಾಯಿತು: ಐದು ಜೊತೆ ಬೂಟಿಗೂ
ಕೆಸರು ಒಂದೇ ಎತ್ತರಕ್ಕೆ ಬಳಿದಂತಿತ್ತು.
ಶಿವಮಾದು ನಿಲ್ಲಿಸಲು ಗುಂಡಿಗೆ ಕೈ ಹಾಕಿದ.
"ಇರ್ಲಿ ಬುಡ್ಲಾ," ಎಂದಳು. "ಆ ಪೀಪಿಯೋನು
ಊದೋಕ್ ಮುಂಚೆ ಒಂದ್ಸಲ ಉಸಿರು ಎಳ್ಕತಾನೆ.
ಅದ ಇನ್ನೊಂದ್ ಕಿತ ಹಾಕು."

ಮೂರು ಸಲ ಹಾಕಿದೆ.
ಇಂಥ ಸದ್ದನ್ನೆಲ್ಲ ಕತ್ತರಿಸಿ ಇಳಿಸುವುದೇ
ಅಂಗಡಿಯಲ್ಲಿ ನನ್ನ ಜಾಣತನ.
ಇದೊಂದು ಹೇಗೋ ತಪ್ಪಿಸಿಕೊಂಡಿತ್ತು.

ಮೂವತ್ತು ನಿಮಿಷದ ಮಗ್ಗುಲು; ಕೊನೆಯ ಹಾಡು
ಸೊಲ್ಲಿನ ನಡುವೆಯೇ ಕಡಿದುಹೋಯಿತು.
ಯಾರೂ ಎತ್ತಿಕೊಳ್ಳಲಿಲ್ಲ.
ಚಿಕ್ಕತಾಯಮ್ಮ ಕಾಲು ತೊಳೆಯಲು ಎದ್ದಳು.

ಹಿಂತಿರುಗುವ ಬಸ್ಸಿನಲ್ಲಿ ಶಿವಮಾದು
ಟೇಪ್ ರೆಕಾರ್ಡರಿನ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದ,
ಅರ್ಧಕ್ಕೆ ನಿಲ್ಲಿಸಿ, ಕಾದು, ಮತ್ತೆ ಅಲ್ಲಿಂದ.
ಅದು ಎಷ್ಟರ ಲೆಕ್ಕವೋ,
ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೂ
ಎಣಿಸಿದೆ, ಸಿಗಲಿಲ್ಲ.